ಒಂದು ತೊಲ ತೂಕದ ಉಲ್ಕಾಶಿಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಟಾರ್ಕ್ಟಿಕದ ಅಲನ್ ಹಿಲ್ಸ್ ಬಳಿ 1985–86ರ ಬೇಸಿಗೆಯಲ್ಲಿ ಹಿಮದ ಮೇಲೆ ಒಂದು ಪುಟ್ಟ ಕಲ್ಲು ಸಿಕ್ಕಿತು. ತೂಕ 11.9 ಗ್ರಾಂ. ನಮ್ಮ ಅಕ್ಕಸಾಲಿಗರ ಹಳೆಯ ಲೆಕ್ಕದಲ್ಲಿ ಒಂದು ತೊಲ ಎಂದರೆ 11.66 ಗ್ರಾಂ. ಒಂದು ತೊಲಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರುವ ಈ ಕಲ್ಲಿಗೆ ಎಎಲ್‌ಎಚ್ 85085 ಎಂದು ಹೆಸರು. ಆಗ ಬಳಕೆಯಲ್ಲಿದ್ದ ಯಾವ ಗುಂಪಿಗೂ ಅದು ಸೇರಲಿಲ್ಲ. ಉಲ್ಕಾಶಿಲೆಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲಿಗೆ ಈ ಒಂದೇ ಕಲ್ಲನ್ನು ಮುಂದಿಟ್ಟುಕೊಂಡು ಉತ್ತರ ಹೇಳಬಹುದು ಎನ್ನಿಸಿದ್ದರಿಂದ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಉಲ್ಕೆ, ಉಲ್ಕಾಶಿಲೆ ಎರಡೂ ಒಂದೇ ಅಲ್ಲವೇ?

ಅಲ್ಲ. ರಾತ್ರಿ ಆಕಾಶದಲ್ಲಿ ಗೀರು ಎಳೆದಂತೆ ಕಾಣುವ ಬೆಳಕು ಉಲ್ಕೆ. ಉರಿದು ಮುಗಿಯದೆ ನೆಲ ಮುಟ್ಟಿದ ಕಲ್ಲು ಉಲ್ಕಾಶಿಲೆ.

ಅಂಟಾರ್ಕ್ಟಿಕದಲ್ಲೇ ಇಷ್ಟೊಂದು ಸಿಗುವುದೇಕೆ? ಅಲ್ಲಿ ಹೆಚ್ಚು ಬೀಳುತ್ತವೆಯೇ?

ಹೆಚ್ಚೇನೂ ಬೀಳುವುದಿಲ್ಲ. ಬಿದ್ದದ್ದು ಉಳಿಯುತ್ತದೆ, ಉಳಿದದ್ದು ಒಂದೆಡೆ ಸೇರುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಹಿಮದ ಮೇಲೆ ಬಿದ್ದ ಕಲ್ಲು ವರ್ಷವರ್ಷದ ಹೊಸ ಹಿಮದಡಿ ಹೂತುಹೋಗುತ್ತದೆ. ಹಿಮದ ರಾಶಿ ತನ್ನದೇ ಭಾರಕ್ಕೆ ಖಂಡದ ಒಳಭಾಗದಿಂದ ಕಡಲಿನತ್ತ ನಿಧಾನವಾಗಿ ಹರಿಯುವಾಗ ಕಲ್ಲೂ ಅದರೊಡನೆ ಸಾಗುತ್ತದೆ. ನಡುವೆ ಬೆಟ್ಟವೊಂದು ಅಡ್ಡ ಬಂದರೆ ಹರಿವು ತಡೆದು ನಿಂತು ಹಿಮ ಮೇಲಕ್ಕೇಳುತ್ತದೆ. ಬೆಟ್ಟದಂಚಿನಲ್ಲಿ ಬೀಸುವ ಒಣಗಾಳಿ ಅಲ್ಲಿಯ ಹಿಮವನ್ನು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಸವೆಸುತ್ತದೆ. ಹಿಮ ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಸಾವಿರಾರು ವರ್ಷ ಹೀಗೆ ನಡೆದರೆ ಮೊರದಲ್ಲಿ ಕೇರಿದ ಹಾಗೆ ಹಗುರವಾದದ್ದು ಹಾರಿಹೋಗಿ ಗಟ್ಟಿಯಾದದ್ದು ಮೇಲೆ ನಿಲ್ಲುತ್ತದೆ. ಒತ್ತಡಕ್ಕೆ ಗಾಳಿಗುಳ್ಳೆಗಳೆಲ್ಲ ಹಿಂಡಿಹೋಗಿ ಗಾಜಿನಂತಾದ ಆ ಹಿಮಕ್ಕೆ ನೀಲಿ ಬಣ್ಣ ಬಂದಿರುತ್ತದೆ. ಅದಕ್ಕೇ ಅದನ್ನು ನೀಲಿ ಹಿಮ ಎನ್ನುತ್ತಾರೆ.

ಇದು ಹೊಳೆದದ್ದು 1969ರಲ್ಲಿ. ಜಪಾನಿನ ತಂಡವೊಂದು ಯಮಾಟೊ ಪರ್ವತಗಳ ಬಳಿ ಒಂದೇ ಕಡೆ ಒಂಬತ್ತು ಉಲ್ಕಾಶಿಲೆಗಳನ್ನು ಹೆಕ್ಕಿತು. ಒಂದೇ ದೊಡ್ಡ ಕಲ್ಲು ಒಡೆದು ಬಿದ್ದ ಚೂರುಗಳಾಗಿದ್ದರೆ ಅದರಲ್ಲಿ ವಿಶೇಷವಿರಲಿಲ್ಲ. ಆದರೆ ಅವು ಬೇರೆ ಬೇರೆ ಜಾತಿಯವು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಡೆ ಬಿದ್ದ ಕಲ್ಲುಗಳನ್ನು ಹಿಮವೇ ಹೊತ್ತು ತಂದು ಒಂದೆಡೆ ಸುರಿದಿದೆ ಎಂಬುದು ಆಗ ಖಚಿತವಾಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಯಾಸಿಡಿ ಇದೇ ತರ್ಕವನ್ನು ಹಿಡಿದು 1976ರಲ್ಲಿ ಅಮೆರಿಕದ ಹುಡುಕಾಟವನ್ನು ಶುರುಮಾಡಿದರು. ಆ ಒಂದು ಕಾರ್ಯಕ್ರಮದಿಂದಲೇ 23,000ಕ್ಕೂ ಹೆಚ್ಚು ಕಲ್ಲುಗಳು ಸಿಕ್ಕಿವೆ. ಅಂಟಾರ್ಕ್ಟಿಕದಲ್ಲಿ ಮೊಟ್ಟಮೊದಲ ಉಲ್ಕಾಶಿಲೆ ಸಿಕ್ಕಿದ್ದು ಇವೆಲ್ಲಕ್ಕಿಂತ ಬಹಳ ಹಿಂದೆ, 1912ರಲ್ಲಿ, ಡಗ್ಲಸ್ ಮಾಸನ್ ಅವರ ಯಾತ್ರೆಯ ಫ್ರಾಂಕ್ ಬಿಕರ್ಟನ್ ಅವರಿಗೆ. ಆಗ ಅದು ಬರೀ ಅದೃಷ್ಟ.

ಹಿಮದ ಮೇಲೆ ಕಂಡ ಕಲ್ಲನ್ನು ಕೈಯಿಂದ ಎತ್ತಿಕೊಳ್ಳಬಾರದೇ?

ಬಾರದು. ನಮ್ಮ ಬೆರಳಿನ ಬೆವರು ಮತ್ತು ಎಣ್ಣೆಯಲ್ಲಿ ಅಮೈನೊ ಆಮ್ಲಗಳಿವೆ. ಆ ಕಲ್ಲಿನಲ್ಲಿ ಹುಡುಕಬೇಕಾದದ್ದೂ ಅವನ್ನೇ ಇರಬಹುದು. ನಾವೇ ಇಟ್ಟು ನಾವೇ ಕಂಡುಹಿಡಿದಂತಾಗುತ್ತದೆ.

ತಂಡದವರು ಸಾಲಾಗಿ, ಒಬ್ಬರಿಗೊಬ್ಬರು ಅಂತರ ಬಿಟ್ಟು, ಹಿಮವಾಹನಗಳಲ್ಲಿ ನಿಧಾನವಾಗಿ ಸಾಗುತ್ತಾರೆ. ಒಬ್ಬರು ಕೈ ಎತ್ತಿದರೆ ಎಲ್ಲರೂ ನಿಲ್ಲುತ್ತಾರೆ. ಕಲ್ಲಿನ ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಕ್ರಮಸಂಖ್ಯೆಯ ಯಂತ್ರ ಇಟ್ಟು ಛಾಯಾಚಿತ್ರ ತೆಗೆಯುತ್ತಾರೆ. ಎಷ್ಟು ಉದ್ದ, ಎಷ್ಟು ಅಗಲ, ಮೇಲೆ ಎಷ್ಟು ಭಾಗ ಕರಕಲು ಪೊರೆ ಇದೆ ಎಂದು ಒಬ್ಬರು ಕೂಗಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಆಮೇಲೆ ಶುಚಿಮಾಡಿದ ಇಕ್ಕಳದಿಂದ ಎತ್ತಿ ಟೆಫ್ಲಾನ್ ಚೀಲಕ್ಕೆ ಹಾಕುತ್ತಾರೆ. ಬಗ್ಗಿ ಕೂತವರ ಮೂಗಿನ ತುದಿಯಿಂದ ಒಂದು ಹನಿ ಕಲ್ಲಿನ ಮೇಲೆ ಬಿದ್ದೀತು ಎಂಬ ಎಚ್ಚರವೂ ಬೇಕು. ಆ ಚಳಿಯಲ್ಲಿ ಅದು ತಮಾಷೆಯ ಮಾತಲ್ಲ. ಚೀಲಗಳು ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಹೂಸ್ಟನ್‌ನ ಜಾನ್ಸನ್ ಬಾಹ್ಯಾಕಾಶ ಕೇಂದ್ರವನ್ನು ಸೇರುತ್ತವೆ. ಅಲ್ಲಿ ಒಣ ಸಾರಜನಕ ತುಂಬಿದ ಪೆಟ್ಟಿಗೆಯೊಳಗೆ ಹಿಮ ಬಿಡಿಸುತ್ತಾರೆ. ನೀರಾಗಲು ಬಿಟ್ಟರೆ ಕಬ್ಬಿಣ ತುಕ್ಕು ಹಿಡಿಯುತ್ತದೆ.

85085 ಎಂಬ ಸಂಖ್ಯೆಗೆ ಏನಾದರೂ ಅರ್ಥವಿದೆಯೇ?

ಇದೆ. ಎಎಲ್‌ಎಚ್ ಎಂದರೆ ಅಲನ್ ಹಿಲ್ಸ್. ಮೊದಲ ಎರಡು ಅಂಕಿ ಹುಡುಕಾಟದ ಋತುವನ್ನು ಹೇಳುತ್ತವೆ. ಅಲ್ಲಿಯ ಬೇಸಿಗೆ ಡಿಸೆಂಬರ್, ಜನವರಿಗಳಲ್ಲಿ ಬರುವುದರಿಂದ ಒಂದೇ ಋತು ಎರಡು ಇಸವಿಗಳಿಗೆ ಹರಡಿಕೊಳ್ಳುತ್ತದೆ. ಋತು ಆರಂಭವಾದ ವರ್ಷವನ್ನೇ ಹಿಡಿಯುತ್ತಾರೆ. ಉಳಿದ ಮೂರು ಅಂಕಿ ಕ್ರಮಸಂಖ್ಯೆ. ಬೇರೆಡೆ ಸಿಕ್ಕ ಉಲ್ಕಾಶಿಲೆಗಳಿಗೆ ಹತ್ತಿರದ ಊರಿನ ಹೆಸರಿಡುವುದು ವಾಡಿಕೆ. ಊರೇ ಇಲ್ಲದ ಜಾಗದಲ್ಲಿ ಸಾವಿರಗಟ್ಟಲೆ ಕಲ್ಲು ಸಿಕ್ಕರೆ ಸಂಖ್ಯೆಯೇ ಗತಿ.

ಪ್ರಯೋಗಾಲಯದಲ್ಲಿ ಮೊದಲು ಏನು ಬರೆಯುತ್ತಾರೆ?

ಕಣ್ಣಿಗೆ ಕಂಡದ್ದನ್ನು. ತೂಕ, ಮೂರು ಆಯಾಮಗಳ ಅಳತೆ, ಆಕಾರ, ಹೊರಗಿನ ಬಣ್ಣ, ಒಡೆದ ಮುಖದ ಬಣ್ಣ. ವಾತಾವರಣದಲ್ಲಿ ಉರಿದು ಕರಗಿ ಹೆಪ್ಪುಗಟ್ಟಿದ ಕಪ್ಪು ಪೊರೆ ಎಷ್ಟು ಉಳಿದಿದೆ, ಅದು ಮಂಕೋ ಹೊಳಪೋ, ಬಿರುಕು ಎಷ್ಟು. ತುಕ್ಕಿಗೆ ಎ, ಬಿ, ಸಿ ಎಂದು ಮೂರು ದರ್ಜೆ: ಎ ಎಂದರೆ ಅಲ್ಪ, ಸಿ ಎಂದರೆ ತೀವ್ರ. ಬಿರುಕಿಗೂ ಅದೇ ಮೂರು ದರ್ಜೆ. ಕಲ್ಲಿನ ಮೇಲೆ ಬಿಳಿಯ ಲವಣದ ಹುಡಿ ಕಂಡರೆ ಅದಕ್ಕೆ ಬೇರೆಯದೇ ಒಂದು ಗುರುತು. ಆ ಹುಡಿ ಹುಟ್ಟಿದ್ದು ಬಾಹ್ಯಾಕಾಶದಲ್ಲಲ್ಲ, ಅಂಟಾರ್ಕ್ಟಿಕದಲ್ಲಿ.

ವರ್ಣನೆಯಲ್ಲಿ ಊಹೆಗೆ ಜಾಗವಿಲ್ಲ ಎಂಬ ಶಿಸ್ತು ನನಗೆ ಬಹಳ ಇಷ್ಟ. ‘ಕಪ್ಪು, ಸಣ್ಣ ಕಣದ, ಅಲ್ಲಲ್ಲಿ ಲೋಹ ಹೊಳೆಯುವ ಕಲ್ಲು’ ಎಂದು ಬರೆದದ್ದು ಮೂವತ್ತು ವರ್ಷದ ಮೇಲೂ ಕೆಲಸಕ್ಕೆ ಬರುತ್ತದೆ. ‘ಇದು ಬಹುಶಃ ಇಂಥ ಜಾತಿಯದು’ ಎಂದು ಆತುರದಲ್ಲಿ ಬರೆದದ್ದು ಮುಂದಿನವರ ಕಣ್ಣನ್ನೇ ಕಟ್ಟಿಹಾಕುತ್ತದೆ.

ಒಂದೇ ತೊಲ ಇದ್ದರೆ ಪರೀಕ್ಷೆಗೆ ಎಷ್ಟನ್ನು ಖರ್ಚು ಮಾಡುತ್ತಾರೆ?

ಜಿಪುಣತನವೇ ಇಲ್ಲಿ ಗುಣ. ಮೊದಲು ಒಂದು ಸಣ್ಣ ಚೂರು ಮಾತ್ರ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಗೆ ಹೋಗುತ್ತದೆ. ಅದರಿಂದ ಮಾಡಿದ ತೆಳು ಫಲಕದ ಮೇಲೆ ಮೊದಲ ವರ್ಗೀಕರಣ ನಡೆಯುತ್ತದೆ. ವಿವರಗಳನ್ನು ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಅದನ್ನು ಓದಿದ ವಿಜ್ಞಾನಿಗಳು ಯಾವ ದೇಶದವರಾದರೂ ಅರ್ಜಿ ಹಾಕಿ ಮಿಲಿಗ್ರಾಂ ಲೆಕ್ಕದಲ್ಲಿ ಮಾದರಿ ಕೇಳಬಹುದು. ನಾಶಮಾಡದ ಪರೀಕ್ಷೆಗಳು ಮೊದಲು, ಕರಗಿಸುವ ಮತ್ತು ಆವಿಮಾಡುವ ಪರೀಕ್ಷೆಗಳು ಕೊನೆಗೆ. ಸ್ವಲ್ಪ ಭಾಗವನ್ನು ಇನ್ನೂ ಹುಟ್ಟದ ಉಪಕರಣಗಳಿಗಾಗಿ ಮುಟ್ಟದೆ ಎತ್ತಿಡುತ್ತಾರೆ.

ತೆಳು ಫಲಕ ಎಂದರೆ ಏನು? ಕಲ್ಲಿನ ಮೂಲಕ ಬೆಳಕು ಹಾಯುತ್ತದೆಯೇ?

ಹಾಯುತ್ತದೆ, ಸಾಕಷ್ಟು ತೆಳ್ಳಗೆ ಮಾಡಿದರೆ. ಕಲ್ಲಿನ ಚೂರನ್ನು ಗಾಜಿಗೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೂ ತೇಯುತ್ತಾರೆ.

ನಾನು ಕಾಂಡ್ರೈಟ್ (ಕಾಂಡ್ರೂಲ್ ಎಂಬ ದುಂಡು ಕಣಗಳಿರುವ ಉಲ್ಕಾಶಿಲೆ) ಒಂದರ ತೆಳು ಫಲಕವನ್ನು ಮೊದಲು ನೋಡಿದ್ದು ವಿದ್ಯಾರ್ಥಿಯಾಗಿದ್ದಾಗ, ಹಳೆಯ ಸೂಕ್ಷ್ಮದರ್ಶಕವೊಂದರಲ್ಲಿ. ಬರಿಗಣ್ಣಿಗೆ ಅದು ಗಾಜಿಗೆ ಬಳಿದ ಮಸಿ. ಧ್ರುವೀಕರಿಸಿದ ಬೆಳಕಿನಡಿ ಇಟ್ಟರೆ ಕಪ್ಪು ಹಿನ್ನೆಲೆಯಲ್ಲಿ ದುಂಡನೆಯ ಬಿಲ್ಲೆಗಳು, ಅವುಗಳೊಳಗೆ ಗುಲಾಬಿ, ನೀಲಿ, ಹಸಿರು. ಒಂದು ಬಿಲ್ಲೆಯೊಳಗೆ ಬಾಚಣಿಗೆಯ ಹಲ್ಲಿನಂತೆ ಸಾಲು ಸಾಲು ಪಟ್ಟಿ. ಫಲಕವನ್ನು ನಿಧಾನವಾಗಿ ತಿರುಗಿಸಿದಾಗ ಆ ಪಟ್ಟಿಗಳೆಲ್ಲ ಒಟ್ಟಿಗೆ ಆರಿದವು, ಮತ್ತೆ ಒಟ್ಟಿಗೆ ಹೊತ್ತಿಕೊಂಡವು. ಬೇರೆ ಬೇರೆ ಎಂದು ಕಂಡ ಪಟ್ಟಿಗಳು ಆಲಿವಿನ್ ಎಂಬ ಖನಿಜದ ಒಂದೇ ಹರಳಿನ ಕೈಬೆರಳುಗಳು ಎಂದು ನಮ್ಮ ಮೇಷ್ಟರು ಹೇಳಿದ್ದು ಈಗಲೂ ನೆನಪಿದೆ.

85085ರ ವಿಷಯದಲ್ಲಿ ಈ ಉಪಾಯವೇ ಕೈಕೊಡುತ್ತದೆ. ಅದರ ದುಂಡು ಕಣಗಳ ಸರಾಸರಿ ಅಳತೆ 0.02 ಮಿಲಿಮೀಟರ್, ಅಂದರೆ ಫಲಕದ ದಪ್ಪಕ್ಕಿಂತಲೂ ಚಿಕ್ಕದು. ಬೆಳಕು ಹಾಯಿಸಿದರೆ ಒಂದರ ಮೇಲೊಂದು ಕೂತ ಕಣಗಳು ಕಲಸಿ ಕಾಣುತ್ತವೆ. ಹಾಗಾಗಿ ಹೊಳಪು ಕೊಟ್ಟ ಮೇಲ್ಮೈಯನ್ನು ಪ್ರತಿಫಲಿತ ಬೆಳಕಿನಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದೊಂದು ಕಣದ ರಾಸಾಯನಿಕ ರಚನೆಯನ್ನು ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಎಂಬ ಉಪಕರಣ ಅಳೆಯುತ್ತದೆ.

ಕಾಂಡ್ರೂಲ್ ಎಂದರೆ ಈ ದುಂಡು ಕಣಗಳೇ?

ಹೌದು. ಸೌರವ್ಯೂಹದ ಮೊದಲ ಕೆಲವು ದಶಲಕ್ಷ ವರ್ಷಗಳಲ್ಲಿ ಶೂನ್ಯದಲ್ಲಿ ತೇಲುತ್ತಿದ್ದ ದೂಳು ಕರಗಿ, ಹನಿಯಾಗಿ, ಬೇಗನೆ ತಣಿದು ಆದ ಗೋಲಿಗಳು. ಇಂಗಾಲಯುಕ್ತ ಎಂಬ ಬಗೆಯ ಕಾಂಡ್ರೈಟ್‌ಗಳನ್ನು ಸಿವಿ, ಸಿಎಂ, ಸಿಒ ಮುಂತಾದ ಗುಂಪುಗಳಾಗಿ ಹಂಚಿದ್ದಾರೆ; 85085 ಕೂಡ ಇಂಗಾಲಯುಕ್ತವೇ. ಕಾಂಡ್ರೂಲ್‌ಗಳ ಗಾತ್ರ ಗುಂಪಿನಿಂದ ಗುಂಪಿಗೆ ಬೇರೆ. ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡರೆ ಸಾಕು: ಸಿವಿ ಗುಂಪಿನಲ್ಲಿ ಸುಮಾರು 1 ಮಿಲಿಮೀಟರ್, ಗಸಗಸೆಯಷ್ಟು. ಸಿಎಂ ಗುಂಪಿನಲ್ಲಿ 0.3, ಸಣ್ಣ ರವೆ. ಸಿಒ ಗುಂಪಿನಲ್ಲಿ ಅದರ ಅರ್ಧ. 85085ರಲ್ಲಿ 0.02, ನುಣ್ಣನೆಯ ಹಿಟ್ಟು.

ಇಂಗಾಲಯುಕ್ತ ಎಂದ ಮೇಲೆ ಇಂಗಾಲ ತುಂಬಿರಬೇಕಲ್ಲವೇ?

ಹೆಸರು ದಾರಿ ತಪ್ಪಿಸುತ್ತದೆ. ಸಿಐ ಗುಂಪಿನಲ್ಲಿ ತೂಕದ ಶೇ 3ರಷ್ಟು, ಸಿಎಂನಲ್ಲಿ ಶೇ 2ರಷ್ಟು ಇಂಗಾಲವಿದೆ, ನಿಜ. ಸಿಕೆ ಗುಂಪಿನಲ್ಲಿ ಅದು ಶೇ ಅರ್ಧವೂ ಇಲ್ಲ. ಮೊದಮೊದಲು ಸಿಕ್ಕವು ಇದ್ದಿಲಿನಂತೆ ಕಪ್ಪಾಗಿದ್ದವು, ಹೆಸರು ಅಂಟಿಕೊಂಡಿತು. ಈಗ ನಂಟು ಗುರುತಿಸುವುದು ಬೇರೆ ಲಕ್ಷಣಗಳಿಂದ: ಅಲ್ಯುಮಿನಿಯಂ, ಕ್ಯಾಲ್ಸಿಯಂಗಳಂಥ ಸುಲಭಕ್ಕೆ ಆವಿಯಾಗದ ಧಾತುಗಳು ಸಿಲಿಕಾನ್‌ಗೆ ಹೋಲಿಸಿದರೆ ಸೂರ್ಯನಲ್ಲಿರುವಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಆಮ್ಲಜನಕ, ಕ್ರೋಮಿಯಂ, ಟೈಟಾನಿಯಂಗಳ ಸಮಸ್ಥಾನಿಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅನುಪಾತವೂ ಹೊಂದಬೇಕು.

ಸಿಐ, ಸಿಎಂ, ಸಿಆರ್ ಅಕ್ಷರಗಳು ಎಲ್ಲಿಂದ ಬಂದವು?

‘ಸಿ’ ಇಂಗಾಲದ್ದು. ಎರಡನೆಯದು ಸಾಮಾನ್ಯವಾಗಿ ಮಾದರಿಯಾದ ಒಂದು ಕಲ್ಲು ಸಿಕ್ಕ ಊರಿನದು: ತಾಂಜಾನಿಯಾದ ಇವುನಾ, ಉಕ್ರೇನಿನ ಮಿಘೈ, ಇಟಲಿಯ ರೆನಾಜ್ಜೊ ಮತ್ತು ವಿಗರಾನೊ, ಫ್ರಾನ್ಸಿನ ಓರ್ನಾನ್, ಆಸ್ಟ್ರೇಲಿಯಾದ ಕರೂಂಡಾ ಮತ್ತು ಬೆಂಕಬ್ಬಿನ್. 85085 ಕೊನೆಗೆ ಸೇರಿದ ಗುಂಪು ಸಿಎಚ್; ಅದರ ‘ಎಚ್’ ಮಾತ್ರ ಊರಲ್ಲ. ಲೋಹ ಹೆಚ್ಚಿರುವುದನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲಕ್ಷರ.

ಗುಂಪಿನ ಹೆಸರಿನ ಪಕ್ಕದಲ್ಲಿ 1, 2, 3 ಎಂದು ಬರೆಯುತ್ತಾರಲ್ಲ, ಅದು ಗುಣಮಟ್ಟದ ಅಂಕವೇ?

ಅಂಕವಲ್ಲ, ಜಾತಕ. ವಾನ್ ಶ್ಮುಸ್ ಮತ್ತು ವುಡ್ 1967ರಲ್ಲಿ ಕೊಟ್ಟ ಅಳತೆಗೋಲು ಇದು. 3 ಎಂದರೆ ಹುಟ್ಟಿದ ಮೇಲೆ ಹೆಚ್ಚು ಬದಲಾಗದ ಕಲ್ಲು. 2, 1ರತ್ತ ಹೋದಂತೆ ನೀರು ಅದನ್ನು ಹೆಚ್ಚು ಹೆಚ್ಚು ಬದಲಿಸಿದೆ. 4, 5, 6ರತ್ತ ಹೋದಂತೆ ಕಾವು ಬದಲಿಸಿದೆ. ಅತಿ ಹಳೆಯದನ್ನು ನಡುವಿನ ಅಂಕಿಯಲ್ಲಿ ಹುಡುಕಬೇಕಾದ ಈ ಏಣಿ ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ. ಒಳ್ಳೆಯ ಏಣಿ ಎಂದು ನಾನೂ ಹೇಳಲಾರೆ. ಆದರೆ ಎಲ್ಲರೂ ಏರುವುದು ಇದನ್ನೇ.

ಆಮ್ಲಜನಕವನ್ನೇಕೆ ಅಳೆಯುತ್ತಾರೆ?

ಆಮ್ಲಜನಕದ ಪರಮಾಣುಗಳಲ್ಲಿ 16, 17, 18 ಎಂಬ ಮೂರು ತೂಕದವು ಇವೆ. ಅವು ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದು ಕಲ್ಲು ಹುಟ್ಟಿದ ತವರನ್ನು ಹೇಳುತ್ತದೆ. ರಾಬರ್ಟ್ ಕ್ಲೇಟನ್ ಮತ್ತು ಸಂಗಡಿಗರು 1973ರಲ್ಲಿ ಇದನ್ನು ತೋರಿಸಿದ ಮೇಲೆ ವರ್ಗೀಕರಣದ ದಿಕ್ಕೇ ಬದಲಾಯಿತು. ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ಕಲ್ಲು ಬೇರೆ ತವರಿನವು ಎಂದು ತಿಳಿಯುವುದು ಹೀಗೆ.

ಹಾಗಿದ್ದರೆ 85085 ಯಾವ ಗುಂಪಿಗೂ ಸೇರಲಿಲ್ಲವೇಕೆ?

ಒಂದು ಲಕ್ಷಣ ಒಂದು ಗುಂಪಿನತ್ತ ಕೈತೋರಿಸಿದರೆ ಇನ್ನೊಂದು ಬೇರೆಡೆ ತೋರಿಸುತ್ತಿತ್ತು. ಗಾತ್ರದ ಲೆಕ್ಕದಲ್ಲಿ ಸುಮಾರು ಐದನೇ ಒಂದು ಭಾಗ ಕಬ್ಬಿಣ-ನಿಕಲ್ ಲೋಹ. ಇಂಗಾಲಯುಕ್ತ ಕಲ್ಲಿನಲ್ಲಿ ಇಷ್ಟು ಲೋಹವನ್ನು ಯಾರೂ ನಿರೀಕ್ಷಿಸುವುದಿಲ್ಲ. ಸೋಡಿಯಂ, ಗಂಧಕದಂತೆ ಸುಲಭಕ್ಕೆ ಆವಿಯಾಗುವ ಧಾತುಗಳು ತೀರಾ ಕಡಿಮೆ. ಕಣಗಳು ಹಿಟ್ಟಿನಷ್ಟು ಸಣ್ಣ, ಬಹುಪಾಲು ಹರಳೇ ಗುರುತು ಸಿಗದಷ್ಟು ಬೇಗ ತಣಿದವು. ಸಾರಜನಕದ ಪರಮಾಣುಗಳಲ್ಲಿ 15ರ ತೂಕದವು ವಿಪರೀತ ಹೆಚ್ಚು. ಸಾಮಾನ್ಯವಾಗಿ ಕಾಂಡ್ರೂಲ್‌ಗಳ ನಡುವೆ ಗಾರೆಯಂತೆ ತುಂಬಿರುವ ನುಣ್ಣನೆಯ ದೂಳು ಇಲ್ಲಿ ಇಲ್ಲವೇ ಇಲ್ಲ ಎನ್ನಬೇಕು.

ಗಾರೆ ಇಲ್ಲ, ಆದರೆ ಅಲ್ಲಲ್ಲಿ ಜೇಡಿಯಂಥ ಉಂಡೆಗಳಿವೆ. ಆ ಉಂಡೆಗಳೊಳಗಿನ ಖನಿಜಗಳು ನೀರಿನಲ್ಲಿ ನೆಂದು ಬದಲಾಗಿವೆ. ಪಕ್ಕದಲ್ಲೇ ತಾಗಿಕೊಂಡಿರುವ ಲೋಹದ ಕಣಕ್ಕೆ ಆ ನೀರಿನ ಸೋಂಕೂ ಇಲ್ಲ. ಒಂದೇ ಮನೆಯಲ್ಲಿ ಇಬ್ಬರು, ಒಬ್ಬರು ತೊಪ್ಪೆಯಾಗಿ ನೆಂದವರು, ಇನ್ನೊಬ್ಬರ ಬಟ್ಟೆ ಗರಿಗರಿ. ನೆಂದದ್ದು ಈ ಮನೆಯಲ್ಲಲ್ಲ, ಇಲ್ಲಿಗೆ ಬರುವ ಮೊದಲು ಎಂದೇ ಅರ್ಥ. ಇಡೀ ಕಲ್ಲನ್ನು ಪುಡಿಮಾಡಿ ಸರಾಸರಿ ತೆಗೆದಿದ್ದರೆ ಇದು ಕಳೆದುಹೋಗುತ್ತಿತ್ತು.

ವಿಜ್ಞಾನಿಗಳು ಒಪ್ಪಿಕೊಂಡರೇ?

ಇಲ್ಲ, ಚೆನ್ನಾಗಿ ಜಗಳವಾಡಿದರು. 1988ರಲ್ಲಿ ಎಡ್ವರ್ಡ್ ಸ್ಕಾಟ್, ಜೆಫ್ರಿ ಗ್ರಾಸ್‌ಮನ್ ಮತ್ತು ಸಂಗಡಿಗರು, ಮೈಕೆಲ್ ವೈಸ್‌ಬರ್ಗ್ ಮತ್ತು ಸಂಗಡಿಗರು ಈ ಒಂದೇ ತೊಲದ ಮೇಲೆ ಬೇರೆ ಬೇರೆ ಪ್ರಬಂಧ ಬರೆದರು. ಇದು ಸೂರ್ಯನ ಸುತ್ತಲಿನ ಮೊದಲ ಮೋಡದಿಂದ ನೇರವಾಗಿ ಬಂದ ಪ್ರಾಚೀನ ವಸ್ತು ಎಂಬುದು ಒಂದು ವಾದ. ಜಾನ್ ವಾಸನ್ ಮತ್ತು ಗ್ರೆಗರಿ ಕಾಲೆಮೈನ್ 1990ರಲ್ಲಿ ಇದಕ್ಕೆ ಎದುರು ನಿಂತರು. ಇದು ಅಪ್ಪಟ ಕಾಂಡ್ರೈಟೇ ಅಲ್ಲ, ಆಕಾಶಕಾಯಗಳು ಡಿಕ್ಕಿ ಹೊಡೆದಾಗ ಎದ್ದ ಆವಿ, ಹನಿಗಳು ಸೇರಿ ಆದದ್ದು ಎಂಬ ಅರ್ಥದ ವಾದ ಅವರದು.

ಇಬ್ಬರಿಗೂ ಸ್ವಲ್ಪ ಸ್ವಲ್ಪ ಪಾಲು ಸಿಕ್ಕಿತು. ಸಿಎಚ್‌ನ ಹತ್ತಿರದ ನೆಂಟನಾದ ಸಿಬಿ ಗುಂಪಿನ ಕಾಂಡ್ರೂಲ್‌ಗಳ ವಯಸ್ಸನ್ನು ಅಲೆಕ್ಸಾಂಡರ್ ಕ್ರೋಟ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಅವು ಸೌರವ್ಯೂಹ ಹುಟ್ಟಿ ಸುಮಾರು 50 ಲಕ್ಷ ವರ್ಷಗಳ ಬಳಿಕ ಆದವು. ಅಷ್ಟು ಹೊತ್ತಿಗೆ ಮೊದಲ ದೂಳು ಬಹುಮಟ್ಟಿಗೆ ಚದುರಿತ್ತು. ದೊಡ್ಡ ಡಿಕ್ಕಿಯೊಂದೇ ಅವನ್ನು ಹುಟ್ಟಿಸಿರಬೇಕು ಎಂದು ಅವರು ವಾದಿಸಿದರು. 2003ರಲ್ಲಿ ರಷ್ಯಾದಲ್ಲಿ ಸಿಕ್ಕ ಇಶೇಯೆವೊ ಎಂಬ ಕಲ್ಲಿನಲ್ಲಿ ಸಿಎಚ್ ಮತ್ತು ಸಿಬಿ ಎರಡೂ ಪದರ ಪದರವಾಗಿ ಜೊತೆಗಿವೆ.

ಒಂಟಿ ಕಲ್ಲಿಗೆ ಗುಂಪು ಸಿಕ್ಕಿದ್ದು ಹೇಗೆ?

ಗುಂಪು ಎನ್ನಲು ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆ ಬೇರೆಯಾಗಿ ಬಿದ್ದ ಐದು ಕಲ್ಲಾದರೂ ಬೇಕು ಎಂಬುದು ರೂಢಿ. ಅದಕ್ಕಿಂತ ಕಡಿಮೆ ಇದ್ದರೆ ‘ಗುಂಪಿಲ್ಲದ್ದು’ ಎಂದು ಬರೆಯುತ್ತಾರೆ. ಅದು ಸೋಲಿನ ಮಾತಲ್ಲ. 85085 ಕೆಲವು ವರ್ಷ ಹಾಗೆಯೇ ಕಾದಿತ್ತು. ಆಮೇಲೆ ಸಹಾರಾ ಮರುಭೂಮಿಯಲ್ಲಿ ಸಿಕ್ಕ ಆಕ್‌ಫೆರ್ 182 ಅದರ ಬಂಧು ಎಂದು ತಿಳಿಯಿತು. ಅಂಟಾರ್ಕ್ಟಿಕದಲ್ಲೇ ಇನ್ನೂ ಕೆಲವು ಸಿಕ್ಕವು. ಹೀಗೆ ಸಿಎಚ್ ಗುಂಪು ಕುದುರಿತು. ಈಗ 85085ರ ಪೂರ್ತಿ ವಿಳಾಸ ಸಿಎಚ್3.

ವರ್ಗೀಕರಣ ತಪ್ಪುವುದುಂಟೇ?

ಉಂಟು. ಅಲನ್ ಹಿಲ್ಸ್‌ನಲ್ಲೇ 1984ರಲ್ಲಿ ಸಿಕ್ಕ 84001 ಸುಮಾರು 1.9 ಕಿಲೊ ತೂಕದ ಕಲ್ಲು. ಅದನ್ನು ಕ್ಷುದ್ರಗ್ರಹದಿಂದ ಬಂದ, ಡಯೋಜೆನೈಟ್ ಎಂಬ ಜಾತಿಯ ಕಲ್ಲೆಂದು ದಾಖಲಿಸಿದ್ದರು. ಸುಮಾರು ಒಂಬತ್ತು ವರ್ಷದ ಮೇಲೆ ಡೇವಿಡ್ ಮಿಟಲ್‌ಫೆಲ್ಟ್ ಅದು ಮಂಗಳ ಗ್ರಹದ್ದೆಂದು ಗುರುತಿಸಿದರು. ಮಾದರಿಗಳನ್ನು ಒಪ್ಪವಾಗಿ ಎತ್ತಿಟ್ಟಿದ್ದರಿಂದ ತಪ್ಪು ತಿದ್ದಲು ಸಾಧ್ಯವಾಯಿತು.

ಇಂಥ ಕಲ್ಲನ್ನು ಕೊಳ್ಳಬಹುದೇ?

ಅಂಟಾರ್ಕ್ಟಿಕದ ಸಂಶೋಧನಾ ಯಾತ್ರೆಗಳು ತಂದವು ಮಾರಾಟಕ್ಕಿಲ್ಲ. ಸಹಾರಾದ ಕಲ್ಲುಗಳು ಮಾರುಕಟ್ಟೆಗೆ ಬರುತ್ತವೆ. ಜೊತೆಗೆ ನಕಲಿಯೂ ಬರುತ್ತದೆ.

ಭಾರತದಲ್ಲಿ ಇಂಗಾಲಯುಕ್ತ ಉಲ್ಕಾಶಿಲೆ ಬಿದ್ದಿದೆಯೇ?

ಬಿದ್ದಿದೆ. ರಾಜಸ್ಥಾನದ ಟೋಂಕ್‌ನಲ್ಲಿ 1911ರಲ್ಲಿ ಬಿದ್ದದ್ದು ಅತ್ಯಪರೂಪದ ಸಿಐ ಗುಂಪಿನದು. ಸಿಕ್ಕಿದ್ದು 7.7 ಗ್ರಾಂ ಮಾತ್ರ, ನಮ್ಮ 85085ಕ್ಕಿಂತಲೂ ಕಡಿಮೆ. ಜೈಪುರದ ಬಳಿಯ ಮುಕುಂದಪುರದಲ್ಲಿ 2017ರ ಜೂನ್ 6ರಂದು ಸಿಎಂ2 ಕಲ್ಲೊಂದು ಬಿತ್ತು. ನಮ್ಮ ಉಡುಪಿಯ ಹೆಸರಿನಲ್ಲೂ 1866ರ ಉಲ್ಕಾಶಿಲೆಯೊಂದು ದಾಖಲಾಗಿದೆ. ಅದು ಇಂಗಾಲಯುಕ್ತವಲ್ಲ, ಸಾಮಾನ್ಯ ಕಾಂಡ್ರೈಟ್.

ನನ್ನ ಹೊಲದಲ್ಲಿ ಭಾರವಾದ ಕಪ್ಪು ಕಲ್ಲು ಸಿಕ್ಕಿದೆ. ಏನು ಮಾಡಲಿ?

ವಾರಕ್ಕೊಮ್ಮೆಯಾದರೂ ಬರುವ ಪ್ರಶ್ನೆ. ನನಗೆ ಬಂದ ಛಾಯಾಚಿತ್ರಗಳಲ್ಲಿ ಹೆಚ್ಚಿನವು ಕಬ್ಬಿಣದ ಕಿಟ್ಟ, ಉಳಿದವು ಹೆಮಟೈಟ್ ಇಲ್ಲವೇ ಬಸಾಲ್ಟ್. ಮೈತುಂಬ ಗುಳ್ಳೆಯ ತೂತುಗಳಿದ್ದರೆ ಅದು ಹೆಚ್ಚೂಕಡಿಮೆ ಕಿಟ್ಟವೇ. ಹಳೆಯ ಕುಲುಮೆಗಳಿದ್ದ ಊರುಗಳಲ್ಲಿ ಅದು ಹೇರಳವಾಗಿ ಸಿಗುತ್ತದೆ.

ಆದರೂ ಅನುಮಾನ ಬಲವಾಗಿದ್ದರೆ ತೊಳೆಯಬೇಡಿ, ಉಜ್ಜಬೇಡಿ, ಸುತ್ತಿಗೆ ಹಿಡಿಯಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕೂ ಕಡೆಯಿಂದ ಚಿತ್ರ ತೆಗೆಯಿರಿ. ತೂಕ ನೋಡಿ, ಸಿಕ್ಕ ಜಾಗವನ್ನು ಬರೆದಿಡಿ, ಶುದ್ಧವಾದ ಒಣ ಚೀಲದಲ್ಲಿ ಇಡಿ. ಆಯಸ್ಕಾಂತ ಅಂಟುತ್ತದೆಯೇ ಎಂದು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಬಲವಾದ ಆಯಸ್ಕಾಂತ ತಾಗಿಸಿದರೆ ಕಲ್ಲಿನಲ್ಲಿ ಕೋಟ್ಯಂತರ ವರ್ಷಗಳಿಂದ ಉಳಿದಿದ್ದ ಕಾಂತೀಯ ಗುರುತು ಅಳಿಸಿಹೋಗುತ್ತದೆ, ಹಾಗಾಗಿ ಅದನ್ನೂ ಬಿಟ್ಟುಬಿಡಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಚಿತ್ರಗಳನ್ನು ಮೊದಲು ಅವರಿಗೆ ಕಳುಹಿಸಿ. ಕಲ್ಲನ್ನು ಅಂಚೆಗೆ ಹಾಕಬೇಡಿ.